ಬೇರೆಯವರ ಬಿಲ್ಲಿಗೆ ನಿನ್ನ ನಂಬರು

ಸೆಪ್ಟೆಂಬರ್ ೧೩, ಭಾನುವಾರ

ಪ್ರೀತಿಯ ತಂಗಿ ಗುಬ್ಬಿಗೆ,

ನಿನ್ನ ಅಕ್ಕ ಮಾಡುವ ಆಶೀರ್ವಾದಗಳು. ನಾನೂ ನಿಮ್ಮ ಭಾವನೂ ದೇವರು ನಡೆಸಿದ ಹಾಗೆ ನಡೆಯುತ್ತಿದ್ದೇವೆ. ನೀನು, ನಿನ್ನ ಯಜಮಾನರು, ಮಗಳು ಮೂವರೂ ಚೆನ್ನಾಗಿದ್ದೀರಿ ಎಂದು ನಂಬಿಕೊಂಡಿದ್ದೇನೆ. ನಿನಗೆ ಕಾಗದ ಬರೆದು ಎರಡು ವರ್ಷದ ಮೇಲಾಯಿತು. ಫೋನಿದೆಯಲ್ಲ ಎಂದು ನೀನು ಅನ್ನಬಹುದು. ಫೋನಿನಲ್ಲಿ ನಾವು ಮಾತಾಡುವ ಚೆಂದ ನಿನಗೂ ಗೊತ್ತು. ಊಟ ಆಯಿತಾ, ಆಯಿತು. ಭಾವನ ಮಂಡಿ ಹೇಗಿದೆ, ಹಾಗೇ ಇದೆ. ಇಡಲಾ, ಇಡು. ನನಗೆ ಈಗ ಹೇಳಬೇಕಾಗಿರುವುದು ಅಷ್ಟರಲ್ಲಿ ಹಿಡಿಸುವುದಿಲ್ಲ. ಅಲ್ಲದೆ ನಾನು ಏನಾದರೂ ಕೇಳಿ, ಆ ಕಡೆಯಿಂದ ನೀನು ಸುಮ್ಮನಾದರೆ, ಆ ಸುಮ್ಮನಿರುವುದಕ್ಕೆ ನಾನು ನೂರು ಅರ್ಥ ಹಚ್ಚುತ್ತೇನೆ. ಕಾಗದವಾದರೆ ನೀನು ನಿಧಾನವಾಗಿ ಓದಬಹುದು, ನಿಧಾನವಾಗಿ ಸಿಟ್ಟು ಮಾಡಿಕೊಳ್ಳಬಹುದು. ತಡವಾದದ್ದಕ್ಕೆ ಕ್ಷಮಿಸು.

ಸುತ್ತಿ ಬಳಸಿ ಹೇಳುವುದಿಲ್ಲ. ನನ್ನ ಕೆಲಸ ಹೋಗುವ ಹಾಗಿದೆ. ಅದು ಉಳಿಯುವುದೂ ಬಿಡುವುದೂ ನೀನು ಬರೆದುಕೊಡುವ ಎರಡು ಸಾಲಿನ ಮೇಲೆ ನಿಂತಿದೆ. ಯಾಕೆ ಎಂದು ಮೊದಲಿನಿಂದ ಹೇಳುತ್ತೇನೆ, ಅರ್ಧ ಓದಿ ಪಕ್ಕಕ್ಕಿಡಬೇಡ.

ನಿಮ್ಮ ಭಾವನನ್ನು ಬಸ್ ಡಿಪೋದವರು ಮಂಡಿನೋವಿನ ಕಾರಣಕ್ಕೆ ಮನೆಗೆ ಕಳಿಸಿದ ಮೇಲೆ ನಾನು ಈ ಅಂಗಡಿ ಸೇರಿದ್ದು ನಿನಗೆ ಗೊತ್ತು. ಸೋಪಿನಿಂದ ಹಿಡಿದು ಬಕೆಟ್ಟಿನವರೆಗೆ ಎಲ್ಲ ಸಿಗುವ ದೊಡ್ಡ ಅಂಗಡಿ. ನನ್ನದು ಮೂರನೇ ಕೌಂಟರು. ಬೆಳಗ್ಗೆ ಷಟರು ಎತ್ತುವ ಮೊದಲು ಡ್ರಾಯರಿನ ಮೇಲೆ ಕೈಯಿಟ್ಟು ದೇವರನ್ನು ನೆನೆಯುತ್ತೇನೆ, ಇವತ್ತು ನನ್ನ ಕೈಯಿಂದ ಯಾರಿಗೂ ಮೋಸ ಆಗದಿರಲಿ, ಯಾರ ಕೈಯಿಂದಲೂ ನನಗೆ ಮೋಸ ಆಗದಿರಲಿ ಎಂದು. ಎರಡನೆಯದನ್ನು ಸ್ವಲ್ಪ ಒತ್ತಿಯೇ ಕೇಳಿಕೊಳ್ಳುತ್ತೇನೆ. ಆಮೇಲೆ ಒಂಬತ್ತು ಗಂಟೆ ನಿಂತೇ ಇರಬೇಕು. ಕುರ್ಚಿ ಇಲ್ಲ, ಕೂತು ಬಿಲ್ಲು ಮಾಡಿದರೆ ಗಿರಾಕಿಗೆ ಅಗೌರವವಂತೆ. ಬಾತ್‌ರೂಮಿಗೆ ಹೋಗುವುದಾದರೆ ‘ಪಕ್ಕದ ಕೌಂಟರಿಗೆ ಹೋಗಿ’ ಎನ್ನುವ ಬೋರ್ಡು ಇಡಬೇಕು. ಅದನ್ನು ಇಟ್ಟ ಕೂಡಲೇ ಸಾಲಿನಲ್ಲಿ ನಿಂತವರೆಲ್ಲ, ನಾನು ಅವರ ಮನೆಯ ಕ್ರಯಪತ್ರ ಹಿಡಿದುಕೊಂಡು ಓಡುತ್ತಿದ್ದೇನೆ ಎನ್ನುವ ಹಾಗೆ ನೋಡುತ್ತಾರೆ. ಸಂಜೆ ಹೊರಡುವಾಗ ಸೆಕ್ಯೂರಿಟಿಯವನು ನಮ್ಮ ಚೀಲಗಳೊಳಗೆ ಕಡ್ಡಿ ಹಾಕಿ ಕೆದಕುತ್ತಾನೆ. ಖಾಲಿ ಊಟದ ಡಬ್ಬಿಯನ್ನೂ ಅಲ್ಲಾಡಿಸಿ ನೋಡುತ್ತಾನೆ. ಅವನ ತಪ್ಪಲ್ಲ, ಅವನ ಚೀಲವನ್ನು ನೋಡುವವರು ಬೇರೆ ಇದ್ದಾರೆ.

ಗಿರಾಕಿಗಳಾದರೂ ಕಡಿಮೆಯೇ? ಕಿವಿಗೆ ಫೋನು ಒತ್ತಿಕೊಂಡೇ ಇಡೀ ಟ್ರಾಲಿ ಬಿಲ್ಲು ಮಾಡಿಸಿ ಕೊನೆಯಲ್ಲಿ “ಇದು ನಂದಲ್ಲ, ಅದೂ ಬೇಡ” ಎನ್ನುವವರು. ನಾನು ಕೈ ಚಾಚಿದ್ದರೂ ನೋಟನ್ನು ಕೈಗೆ ಕೊಡದೆ ಕೌಂಟರಿನ ಮೇಲೆ ಎಸೆಯುವವರು. ಚೀಲಕ್ಕೆ ಬೇರೆ ದುಡ್ಡು ಎಂದರೆ ಆ ನಿಯಮ ನಾನೇ ಬೆಳಗ್ಗೆ ಎದ್ದು ಮಾಡಿದೆ ಎನ್ನುವ ಹಾಗೆ ಜಗಳಕ್ಕೆ ಬರುವವರು. ಒಬ್ಬಳಿದ್ದಾಳೆ, ನೋಡಿದರೆ ದೊಡ್ಡ ಮನೆಯವಳು, ದುಬಾರಿ ಶಾಂಪೂವಿಗೆ ಅಗ್ಗದ ಶಾಂಪೂವಿನ ಸ್ಟಿಕ್ಕರು ಅಂಟಿಸಿಕೊಂಡು ನಗುನಗುತ್ತಾ ಬರುತ್ತಾಳೆ. ಎರಡು ಸಲ ಹಿಡಿದಿದ್ದೇನೆ. ಬಿಸಿಲಲ್ಲಿ ರೇನ್‌ಕೋಟು ಹಾಕಿಕೊಂಡು ಬರುವ ಒಬ್ಬ ಮುದುಕನ ಮೇಲೂ ಕಣ್ಣಿಟ್ಟಿದ್ದೇನೆ, ಇನ್ನೂ ಸಿಕ್ಕಿಲ್ಲ. ಅನುಮಾನ ನನ್ನ ಹುಟ್ಟುಗುಣ, ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಬೇರೆ ಕಡೆಯೆಲ್ಲ ಅದಕ್ಕೆ ಬೈಸಿಕೊಂಡೆ, ಇಲ್ಲಿ ಅದಕ್ಕೆ ಸಂಬಳ ಕೊಡುತ್ತಿದ್ದರು.

ಇದೆಲ್ಲ ತಡೆದುಕೊಳ್ಳಬಹುದು. ತಡೆಯಲಾಗದ್ದು ಒಂದೇ, ಮೊಬೈಲ್ ನಂಬರು ಕೇಳುವುದು. ಪ್ರತಿ ಬಿಲ್ಲಿಗೂ ಗಿರಾಕಿಯ ನಂಬರು ಹಾಕಬೇಕು. ಹಾಕಿದರೆ ಆ ನಂಬರಿನ ಲೆಕ್ಕಕ್ಕೆ ಒಂದಿಷ್ಟು ಪಾಯಿಂಟು ಸೇರುತ್ತದೆ. ಪಾಯಿಂಟು ಕೂಡಿದ ಮೇಲೆ ನಂಬರು ಹೇಳಿ ಅಷ್ಟಕ್ಕೆ ಸಾಮಾನು ತೆಗೆದುಕೊಳ್ಳಬಹುದು. ನಂಬರು ಹಾಕದಿದ್ದರೆ ಮಿಷನ್ನು ಮುಂದಕ್ಕೇ ಹೋಗುವುದಿಲ್ಲ. ಆದರೆ ಜನ ಕೊಡಬೇಕಲ್ಲ. “ನಂಬರ್ ಯಾಕೆ, ನೀವೇನು ಪೊಲೀಸಾ?” ಎಂದು ಒಬ್ಬ ಕೇಳಿದ. ಇನ್ನೊಬ್ಬ ಮೆಲ್ಲಗೆ ಬಗ್ಗಿ, “ಬೇಡಮ್ಮ, ಮನೇಲಿ ಫೋನ್ ಹೆಂಡ್ತಿ ಕೈಲಿದೆ, ನಾನು ಎಲ್ಲಿದ್ದೀನಿ ಅಂತ ಗೊತ್ತಾಗತ್ತೆ” ಎಂದ. ಅವನ ಮಾತು ನನಗೆ ಆಗ ಅರ್ಥವಾಗಲಿಲ್ಲ, ಅವನ ನಡತೆ ಸರಿಯಿಲ್ಲ ಎಂದು ಮಾತ್ರ ಅಂದುಕೊಂಡೆ. ಇತ್ತ ನಂಬರು ಕೊಡದ ಗಿರಾಕಿಯನ್ನು ನಿಲ್ಲಿಸಿಕೊಂಡರೆ ಸಾಲು ಬೆಳೆಯುತ್ತದೆ. ಸಾಲು ಬೆಳೆದರೆ ಸೂಪರ್‌ವೈಸರು ಬರುತ್ತಾನೆ. ಅವನು ಕರೆಯುವುದೇ ಇಲ್ಲ, ಹಲ್ಲಿನ ಸಂದಿಯಲ್ಲಿ ಸೀಟಿ ಹೊಡೆಯುತ್ತಾನೆ, ಅದಕ್ಕೇ ನಾವು ಅವನನ್ನು ಸೀಟಿ ಅನ್ನುವುದು. ಸೇರಿದ ಮೊದಲ ತಿಂಗಳಲ್ಲೇ ಒಂದು ದಿನ ನನ್ನ ಹಿಂದೆ ಬಂದು ನಿಂತು, “ಯಾವ್ದಾದ್ರೂ ಹತ್ತು ಅಂಕಿ ಹೊಡೀರಮ್ಮ, ಸಾಲು ಬಾಗಿಲು ದಾಟ್ತಾ ಇದೆ” ಎಂದ.

ಯಾವುದಾದರೂ ಹತ್ತು ಅಂಕಿ ಎಂದರೆ ನನಗೆ ಯಾವುದು ಬರುತ್ತದೆ ಹೇಳು. ಬಾಯಿಗೆ ಬಂದದ್ದನ್ನು ಹೊಡೆದರೆ ಮಿಷನ್ನು ಕೆಂಪಗಾಗುತ್ತದೆ. ನನ್ನ ನಂಬರು ನನಗೇ ನೆನಪಿಲ್ಲ, ನನಗೆ ನಾನು ಯಾವತ್ತು ಫೋನು ಮಾಡಿದ್ದೇನೆ? ನಿಮ್ಮ ಭಾವ ವರ್ಷಕ್ಕೊಂದು ಸಿಮ್ಮು ಬದಲಾಯಿಸುತ್ತಾರೆ. ಹದಿನೈದು ವರ್ಷದಿಂದ ಬದಲಾಗದೆ ಇರುವುದು ನಿನ್ನ ನಂಬರು ಒಂದೇ. ಅದು ನನಗೆ ತಲೆಯಲ್ಲಿ ನೆನಪಿರುವುದಲ್ಲ, ಬೆರಳಿನಲ್ಲಿ ನೆನಪಿರುವುದು. ಕಣ್ಣು ಗಿರಾಕಿಯ ಮೇಲಿದ್ದರೂ ಬೆರಳು ತಾನಾಗಿ ಹೊಡೆದು ಮುಗಿಸುತ್ತಿತ್ತು, ಬಾಯಿ ಅದನ್ನು ಗುನುಗುತ್ತಿತ್ತು. ಅವತ್ತಿನಿಂದ ಯಾರು ನಂಬರು ಕೊಡದಿದ್ದರೂ ಅವರ ಬಿಲ್ಲಿಗೆ ನಿನ್ನ ನಂಬರು. ದಿನಕ್ಕೆ ಹತ್ತೋ ಹನ್ನೆರಡೋ ಆಗುತ್ತಿತ್ತು. ಅದರಿಂದ ನಿನ್ನ ಲೆಕ್ಕಕ್ಕೆ ಏನೋ ಸೇರುತ್ತದೆ ಎನ್ನುವುದು, ದೇವರಾಣೆ, ನನ್ನ ತಲೆಗೆ ಹೊಳೆದಿರಲಿಲ್ಲ. ಹತ್ತು ಅಂಕಿ ತುಂಬಿಸುವ ಒಂದು ಗುಂಡಿ ಅದು, ತುಂಬಿಸಿದೆ, ಅಷ್ಟೇ.

ಈ ತಿಂಗಳ ನಾಲ್ಕನೇ ತಾರೀಕು ಶುಕ್ರವಾರ ಹೆಡ್ ಆಫೀಸಿನಿಂದ ಒಬ್ಬ ಆಡಿಟರ್ ಮೇಡಂ ಬಂದರು. ವಯಸ್ಸು ನಿನ್ನಷ್ಟಿರಬಹುದು, ಮೃದುವಾಗಿ ಮಾತಾಡುತ್ತಾರೆ. ಮೃದುವಾಗಿ ಮಾತಾಡುವವರನ್ನು ಕಂಡರೆ ನನಗೆ ಮೊದಲೇ ಆಗುವುದಿಲ್ಲ. ಅಂಗಡಿಯ ಹಿಂಭಾಗದ ಗೋದಾಮಿನಲ್ಲಿ, ಬಿಸ್ಕತ್ತಿನ ಪೆಟ್ಟಿಗೆಗಳ ನಡುವೆ ನನ್ನನ್ನು ಕೂರಿಸಿದರು. ಒಂದೂವರೆ ವರ್ಷದಲ್ಲಿ ಆ ಅಂಗಡಿಯಲ್ಲಿ ನಾನು ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು. ಮೇಡಂ ಒಂದು ಕಾಗದ ತಿರುಗಿಸಿ ಬೆರಳಿಟ್ಟು ತೋರಿಸಿದರು.

“ಇದು ಯಾರ ನಂಬರಮ್ಮ?”

“ನನ್ನ ತಂಗೀದು.”

ಅವರು ಬರೆಯುತ್ತಿದ್ದ ಪೆನ್ನು ನಿಂತಿತು. ಪಕ್ಕದಲ್ಲಿ ನಿಂತಿದ್ದ ಸೀಟಿ ಸೂರು ನೋಡತೊಡಗಿದ. ನಾನು ಅದರಲ್ಲಿ ತಪ್ಪೇನೆಂದು ತಿಳಿಯದೆ ಇದ್ದದ್ದೆಲ್ಲ ಹೇಳಿದೆ, ಸೀಟಿ ಹೇಳಿಕೊಟ್ಟದ್ದನ್ನೂ ಹೇಳಿದೆ. ಅವನು ತಾನು ಅಂಥ ಮಾತು ಆಡಿಯೇ ಇಲ್ಲ ಎಂದ. ಆಮೇಲೆ ಮೇಡಂ ಬಿಡಿಸಿ ಹೇಳಿದರು. ಕೌಂಟರಿನಲ್ಲಿರುವವರು ತಮ್ಮ ನಂಬರನ್ನಾಗಲಿ ತಮ್ಮ ಮನೆಯವರ ನಂಬರನ್ನಾಗಲಿ ಗಿರಾಕಿಗಳ ಬಿಲ್ಲಿಗೆ ಹಾಕಿದರೆ ಅದು ಕಳ್ಳತನವಂತೆ. ನಿನ್ನ ನಂಬರಿಗೆ ಐದು ಸಾವಿರದಷ್ಟು ಬಿಲ್ಲುಗಳ ಪಾಯಿಂಟು ಸೇರಿದೆಯಂತೆ. ಸೇರಿದ್ದು ಮಾತ್ರವಲ್ಲ, ನಾಲ್ಕು ಸಲ ಖರ್ಚೂ ಆಗಿದೆಯಂತೆ. ನಮ್ಮದೇ ಅಂಗಡಿಯ ಇನ್ನೊಂದು ಶಾಖೆ ಇದೆ, ಪೇಟೆಯ ಆ ತುದಿಯಲ್ಲಿ, ದೊಡ್ಡಾಸ್ಪತ್ರೆಯ ರಸ್ತೆಯಲ್ಲಿ. ಅಲ್ಲಿ ಯಾರೋ ನಂಬರು ಹೇಳಿ ಸಾಮಾನು ತೆಗೆದುಕೊಂಡು ಹೋಗಿದ್ದಾರೆ.

ಅದನ್ನು ಕೇಳಿ ನನಗೆ ಭಯವಾಗಲಿಲ್ಲ ಗುಬ್ಬಿ, ಸಮಾಧಾನವಾಯಿತು. ಕಳ್ಳರು ಬೇರೆ ಇದ್ದಾರೆ ಎಂದಾಯಿತಲ್ಲ. ನಾನು ಎದ್ದು ನಿಂತು ಹೇಳಿದೆ, “ಮೇಡಂ, ನನ್ನ ತಂಗಿ ಇರೋದು ಬಸ್ಸಲ್ಲಿ ಅರ್ಧ ದಿನದ ದೂರ. ಎರಡು ವರ್ಷದಿಂದ ಈ ಊರಿಗೆ ಕಾಲಿಟ್ಟಿಲ್ಲ. ಬಂದ್ರೆ ಮೊದಲು ನನ್ನ ಮನೆಗೆ ಬರ್ತಾಳೆ. ದೇವರ ಮೇಲೆ ಆಣೆ ಮಾಡಿ ಹೇಳ್ತೀನಿ.” ಆಣೆ ಮಾಡಿದೆ. ನನ್ನ ಬಾಯಿಂದ ಆಣೆ ಹೊರಡುವುದು ಎಷ್ಟು ಅಪರೂಪ ಎಂದು ನಿನಗೆ ಗೊತ್ತು.

ಹಾಗಾದರೆ ಯಾರು ಎಂದು ಅವರು ಕೇಳಿದರು. ನನ್ನ ಹತ್ತಿರ ಹೆಸರು ತಯಾರಿತ್ತು.

ನಾಲ್ಕನೇ ಕೌಂಟರಿನಲ್ಲಿ ಒಬ್ಬ ಹುಡುಗಿ ಇದ್ದಾಳೆ. ಒಂದು ಕಡೆ ನಿಲ್ಲುವವಳಲ್ಲ, ಬಿಡುವು ಸಿಕ್ಕಿದರೆ ಆ ಕಪಾಟು ಈ ಕಪಾಟು ಎಂದು ಹಾರಾಡುತ್ತಿರುತ್ತಾಳೆ, ಅದಕ್ಕೆ ಚಿಟ್ಟೆ ಅನ್ನುತ್ತೇವೆ. ನನ್ನನ್ನು ದೊಡ್ಡಮ್ಮ ಎಂದು ಕರೆಯುತ್ತಾಳೆ. ಅವಳ ಮೇಲೆ ನನಗೆ ಮೊದಲಿನಿಂದಲೂ ಒಂದು ಕಣ್ಣು. ಅಂಗೈಯಲ್ಲಿ ಪೆನ್ನಿನಿಂದ ಏನೋ ಬರೆದುಕೊಂಡಿರುತ್ತಾಳೆ, ನಾನು ನೋಡಿದರೆ ಮುಷ್ಟಿ ಮುಚ್ಚುತ್ತಾಳೆ. ನಾನು ಗುನುಗುವ ನಂಬರು ಅವಳಿಗೆ ದಿನವೂ ಕೇಳಿಸುತ್ತದೆ, ಒಂದು ಸಲ ನನ್ನನ್ನು ಅಣಕಿಸಿ ಹತ್ತು ಅಂಕಿಯನ್ನೂ ರಾಗವಾಗಿ ಹಾಡಿದ್ದಳು. ಅವಳ ಮನೆ ಇರುವುದು ಪೇಟೆಯ ಆ ತುದಿಯಲ್ಲೇ. ಇದೆಲ್ಲಕ್ಕಿಂತ ಹೆಚ್ಚಾಗಿ, ಆ ನಾಲ್ಕು ಬಿಲ್ಲುಗಳೂ ಮಂಗಳವಾರದವು. ಚಿಟ್ಟೆಗೆ ವಾರದ ರಜೆ ಮಂಗಳವಾರ. ನಾನು ಒಂದೊಂದೇ ಜೋಡಿಸಿ ಮೇಡಂ ಮುಂದೆ ಇಟ್ಟೆ. ಅವರು ತಲೆಯಾಡಿಸುತ್ತಾ ಬರೆದುಕೊಂಡರು. ನನಗೆ ಒಳಗೊಳಗೇ ಹೆಮ್ಮೆಯಾಯಿತು, ನಿನ್ನ ಹತ್ತಿರ ಮುಚ್ಚಿಡುವುದೇನು.

ಚಿಟ್ಟೆಯನ್ನು ಕರೆಸಿದರು. ಅವಳ ಚೀಲವನ್ನು ಮೇಜಿನ ಮೇಲೆ ಸುರಿದರು. ಬಾಚಣಿಗೆ, ಒಂದು ಹಳೇ ಪುಸ್ತಕ, ಅರ್ಧ ತಿಂದ ಬ್ರೆಡ್ಡು, ತಲೆನೋವಿನ ಮಾತ್ರೆ. ಅಂಗೈ ತೋರಿಸು ಎಂದರು. ಬರೆದಿದ್ದದ್ದು ಇಂಗ್ಲಿಷ್ ಪದಗಳು, ಯಾವುದೋ ಪರೀಕ್ಷೆಗೆ ಓದುತ್ತಿದ್ದಾಳಂತೆ, ನಿಂತಲ್ಲೇ ಬಾಯಿಪಾಠ ಮಾಡಲು ಕೈಯಲ್ಲಿ ಬರೆದುಕೊಳ್ಳುತ್ತಾಳಂತೆ. ಅದೂ ಒಂದು ನೆಪ ಎಂದುಕೊಂಡೆ ನಾನು. ವಿಚಾರಣೆ ಮುಗಿಯುವವರೆಗೆ ಕೆಲಸಕ್ಕೆ ಬರಬೇಡ ಎಂದು ಅವಳನ್ನು ಮನೆಗೆ ಕಳಿಸಿದರು. ಬಾಗಿಲಿನಲ್ಲಿ ನಿಂತು, “ದೊಡ್ಡಮ್ಮ, ನೀವು ಹೇಳಿದ್ರಾ?” ಎಂದು ಕೇಳಿದಳು. ನಾನು ಬಿಸ್ಕತ್ತಿನ ಪೆಟ್ಟಿಗೆಯ ಮೇಲಿದ್ದ ಅಕ್ಷರ ಓದುತ್ತಾ ನಿಂತೆ.

ಸೋಮವಾರ ಮೇಡಂ ಮತ್ತೆ ಬಂದರು. ಆ ಶಾಖೆಯ ಕ್ಯಾಮೆರಾದ ಚಿತ್ರ ತರಿಸಿದ್ದರು. ಚಿಟ್ಟೆಯ ಮುಖ ನೋಡಲು ನಾನು ಕನ್ನಡಕ ಒರೆಸಿಕೊಂಡು ಹತ್ತಿರ ಹೋದೆ.

ಮೊದಲು ಬೆನ್ನು ಕಾಣಿಸಿತು. ಬುಟ್ಟಿಯನ್ನು ಮೊಣಕೈಗೆ ನೇತುಹಾಕಿಕೊಂಡು, ಒಂದು ಪಾದವನ್ನು ಇನ್ನೊಂದು ಪಾದದ ಮೇಲಿಟ್ಟು ನಿಂತಿದ್ದ ಹೆಂಗಸು. ಹಾಗೆ ನಿಲ್ಲುವುದನ್ನು ಬಿಡಿಸಬೇಕೆಂದು ಚಿಕ್ಕಂದಿನಲ್ಲಿ ನಾನು ಎಷ್ಟು ಸಲ ನಿನ್ನ ಕಾಲಿಗೆ ಹೊಡೆದಿಲ್ಲ. ಆಮೇಲೆ ಆ ಹೆಂಗಸು ತಿರುಗಿದಳು. ತಲೆ ತುಂಬ ಬಟ್ಟೆ ಬಿಗಿದು ಕಟ್ಟಿಕೊಂಡು, ಮೂಗು ಬಾಯಿಗೆ ಮಾಸ್ಕು ಹಾಕಿಕೊಂಡು, ಕಣ್ಣೆರಡು ಬಿಟ್ಟರೆ ಏನೂ ಕಾಣದ ಹಾಗೆ. ಗುರುತು ಸಿಗಬಾರದೆಂದು ಮುಖ ಮರೆಸಿಕೊಂಡು ಬಂದ ಹಾಗೆ. ಆ ಕಣ್ಣು ಸಾಕಾಯಿತು ನನಗೆ.

“ಇವರು ಗೊತ್ತಾ?” ಎಂದರು ಮೇಡಂ.

“ಗೊತ್ತು. ನನ್ನ ತಂಗಿ.”

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೊನ್ನೆ ಆಣೆ ಮಾಡಿದಿರಲ್ಲ ಎಂದು ಒಂದು ಮಾತೂ ಆಡದೆ ನಾಲ್ಕು ಬಿಲ್ಲುಗಳ ನಕಲನ್ನೂ ಒಂದು ನೋಟೀಸನ್ನೂ ಕೈಗಿಟ್ಟರು. ಇಪ್ಪತ್ತೆರಡನೇ ತಾರೀಕು ಮಂಗಳವಾರ ಹನ್ನೊಂದು ಗಂಟೆಗೆ ಹೆಡ್ ಆಫೀಸಿನಲ್ಲಿ ವಿಚಾರಣೆ. ಬರದಿದ್ದರೆ ತಪ್ಪು ಒಪ್ಪಿಕೊಂಡ ಹಾಗೆ, ಕೆಲಸದಿಂದ ತೆಗೆದ ಹಾಗೆ. ಅಲ್ಲಿಯವರೆಗೆ ಮನೆಯಲ್ಲಿರಬೇಕು. ಅಕ್ಕತಂಗಿ ಇಬ್ಬರೂ ಮಾತಾಡಿಕೊಂಡು ಮಾಡಿದ್ದಲ್ಲ, ಪಾಯಿಂಟು ಎಲ್ಲಿಂದ ಬರುತ್ತಿದೆ ಎಂದು ತಂಗಿಗೆ ಗೊತ್ತಿರಲಿಲ್ಲ ಎಂದು ತಂಗಿ ಸ್ವಂತ ಕೈಯಿಂದ ಎರಡು ಸಾಲು ಬರೆದುಕೊಟ್ಟರೆ ಎಚ್ಚರಿಕೆ ಕೊಟ್ಟು ಬಿಡಬಹುದು ಎಂದು ಮೇಡಂ ಹೋಗುವಾಗ ಬಾಗಿಲ ಹತ್ತಿರ ಮೆಲ್ಲಗೆ ಹೇಳಿದರು. ಅದೇ ಆ ಎರಡು ಸಾಲು. ಇಪ್ಪತ್ತರೊಳಗೆ ನನಗೆ ಮುಟ್ಟಬೇಕು. ಆದರೆ ಸುಳ್ಳು ಬರೆಯಬೇಡ. ದೇವರ ಹೆಸರಿನಲ್ಲಿ ಒಂದು ಸುಳ್ಳು ಆಗಲೇ ನನ್ನ ಬಾಯಿಂದ ಹೋಗಿದೆ, ಎರಡನೆಯದು ಬೇಡ.

ನಿನಗೆ ನಿಜವಾಗಿ ಗೊತ್ತಿರಲಿಲ್ಲವೇ? ಪ್ರತಿ ಬಿಲ್ಲಿಗೂ ಆ ನಂಬರಿನ ಫೋನಿಗೆ ಮೆಸೇಜು ಹೋಗುತ್ತದೆ ಎಂದು ನನಗೆ ಈಗ ತಿಳಿಯಿತು. ನಮ್ಮ ಅಂಗಡಿಯ ಹೆಸರು, ನಮ್ಮ ಶಾಖೆಯ ಹೆಸರು ಎಲ್ಲ ಅದರಲ್ಲಿರುತ್ತದಂತೆ. ಒಂದೂವರೆ ವರ್ಷ ದಿನಕ್ಕೆ ಹತ್ತು ಸಲ ನಿನ್ನ ಫೋನು ಸದ್ದು ಮಾಡಿದೆ. ಅದು ನಾನೇ ಎಂದು ನಿನಗೆ ಹೊಳೆಯದೆ ಇರುತ್ತದೆಯೇ? ಒಂದು ಸಲವೂ “ಅಕ್ಕಾ, ಇದೇನು” ಎಂದು ಕೇಳಲಿಲ್ಲ. ಕೇಳದೆ ಕೂಡಿಸಿಟ್ಟುಕೊಂಡೆ. ಕೂಡಿದ ಮೇಲೆ ಮುಖ ಮರೆಸಿಕೊಂಡು ಬಂದು ತೆಗೆದುಕೊಂಡೆ. ಈ ವಾರವೆಲ್ಲ ಮನೆಯಲ್ಲಿ ಕೂತು ನಾನು ಇದನ್ನೇ ಎಣಿಸುತ್ತಿದ್ದೇನೆ. ಯಾರ ಮನೆಗೆ ಬರುತ್ತಿದ್ದೆ ನೀನು? ನಿನ್ನ ಗಂಡನ ಕಡೆಯವರು ಯಾರಾದರೂ ಇಲ್ಲಿಗೆ ಬಂದು ನೆಲೆಸಿದ್ದಾರೆಯೇ? ಮಗಳಿಗೆ ಗಂಡು ನೋಡುತ್ತಿದ್ದೀರಾ, ನನಗೆ ತಿಳಿದರೆ ಹುಡುಗನ ಮೇಲೆ ನೂರೆಂಟು ಕೊಂಕು ತೆಗೆಯುತ್ತೇನೆ ಎಂದು ಮುಚ್ಚಿಟ್ಟಿರಾ? ನಾಲ್ಕು ಸಲ ಬಂದೆಯಲ್ಲ, ಆ ಅಂಗಡಿಯ ಮುಂದೆ ನಿಲ್ಲುವ ಬಸ್ಸು ನಮ್ಮ ಬೀದಿಯ ತುದಿಗೇ ಬಂದು ನಿಲ್ಲುತ್ತದೆ.

ಹಿಂದಿನ ಸಲ ನಡೆದದ್ದು ನನಗೂ ಮರೆತಿಲ್ಲ. ನೀನು ಎರಡು ವರ್ಷದ ಹಿಂದೆ ಹೇಳದೆ ಕೇಳದೆ ಬಂದೆ. ಎರಡು ದಿನ ಇದ್ದೆ. ಮೂರನೆಯ ದಿನ ತಟ್ಟೆ ಒರೆಸುತ್ತಾ ನಾನು, “ಏನು ಕೆಲಸ ಇಟ್ಕೊಂಡು ಬಂದೆ, ಈಗಲಾದ್ರೂ ಹೇಳು” ಎಂದೆ. ನೀನು ನಕ್ಕು ಏನಿಲ್ಲ ಎಂದೆ. ನಾನು ಬಿಡಲಿಲ್ಲ. ದುಡ್ಡು ಬೇಕಾ, ಗಂಡನ ಹತ್ತಿರ ಜಗಳವಾ, ಯಾರು ಕಳಿಸಿದರು ಎಂದು ಒಂದರ ಮೇಲೊಂದು ಕೇಳಿದೆ. “ನಿನ್ನ ಮನೆಗೆ ಬರೋಕೂ ಕಾರಣ ಹೇಳ್ಬೇಕಾ ಅಕ್ಕ?” ಎಂದು ನೀನು ಸಂಜೆಯ ಬಸ್ಸಿಗೇ ಹೊರಟೆ. ನಾನು ತಡೆಯಬೇಕಿತ್ತು. ಕಾರಣ ಇಲ್ಲದೆ ಇಷ್ಟು ಸಿಟ್ಟು ಬರುವುದಿಲ್ಲ ಎಂದುಕೊಂಡು ಬಾಗಿಲಲ್ಲೇ ನಿಂತುಬಿಟ್ಟೆ.

ಚಿಟ್ಟೆಯನ್ನು ಕೆಲಸಕ್ಕೆ ವಾಪಸು ಕರೆಸಿಕೊಂಡಿದ್ದಾರೆ. ಗುರುವಾರ ಅವಳ ಹತ್ತಿರ ತಪ್ಪೊಪ್ಪಿಕೊಳ್ಳೋಣ ಎಂದು ಹೋದೆ. ಕೆಲಸದವರ ಬಾಗಿಲಿನಿಂದ ಒಳಗೆ ಬಿಡಲಿಲ್ಲ. ಅದಕ್ಕೆ ಗಿರಾಕಿಯ ಹಾಗೆ ಒಂದು ಸೋಪು ಹಿಡಿದುಕೊಂಡು ಅವಳ ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂದಾಗ ಏನು ಹೇಳಬೇಕೆಂದು ಜೋಡಿಸಿಕೊಂಡಿದ್ದೆಲ್ಲ ಹಾರಿಹೋಯಿತು. “ತಪ್ಪಾಯ್ತಮ್ಮ” ಎಂದೆ, ಅಷ್ಟೇ. ಅವಳು ಸೋಪನ್ನು ತಿರುಗಿಸಿ ಬಿಲ್ಲು ಮಾಡಿ, ಕಣ್ಣೆತ್ತದೆ, “ಮೊಬೈಲ್ ನಂಬರ್ ಹೇಳಿ ಮೇಡಂ” ಎಂದಳು. ದೊಡ್ಡಮ್ಮ ಹೋಗಿ ಮೇಡಂ ಆದೆ. ಹಿಂದೆ ನಿಂತಿದ್ದವನು ಬೇಗ ಬೇಗ ಎಂದ. ನನ್ನ ಬಾಯಿಗೆ ಬರುವುದು ಒಂದೇ ನಂಬರು, ಅದನ್ನು ಹೇಳುವ ಹಾಗಿಲ್ಲ. ಸೋಪು ಅಲ್ಲೇ ಬಿಟ್ಟು ಬಂದೆ.

ಇಷ್ಟು ವಿಷಯ. ಮಗಳಿಗೆ ಚೆನ್ನಾಗಿ ಓದಲು ಹೇಳು, ನಿನ್ನ ಯಜಮಾನರಿಗೆ ನಮ್ಮ ನಮಸ್ಕಾರ ತಿಳಿಸು. ಮನಸ್ಸಿನಲ್ಲಿರುವುದನ್ನು ಬರೆದಿದ್ದೇನೆ, ಒರಟಾಗಿದ್ದರೆ ಹೊಟ್ಟೆಗೆ ಹಾಕಿಕೋ. ದೇವರು ನಿನ್ನನ್ನು ಕಾಪಾಡಲಿ, ನಿನ್ನ ಮನೆ ತಣ್ಣಗಿರಲಿ. ಎರಡು ಸಾಲು ಮರೆಯಬೇಡ.

ಇಂತು ನಿನ್ನ ಒಳ್ಳೆಯದನ್ನೇ ಬಯಸುವ,
ಅಕ್ಕ

ಮರೆತದ್ದು, ಸೋಮವಾರ ಬೆಳಗ್ಗೆ:

ನಿನ್ನೆ ಕಾಗದ ಮಡಚಿ ಲಕೋಟೆಗೆ ಹಾಕಿದ್ದೆ, ಅಂಟಿಸಿರಲಿಲ್ಲ. ಇವತ್ತು ಬೆಳಗ್ಗೆ ವಿಚಾರಣೆಗೆ ಒಯ್ಯುವ ಕಾಗದಗಳನ್ನು ಜೋಡಿಸುವಾಗ ಆ ನಾಲ್ಕು ಬಿಲ್ಲುಗಳನ್ನು ಮೇಜಿನ ಮೇಲೆ ಹರಡಿದೆ. ಇಷ್ಟು ದಿನ ನಾನು ನೋಡಿದ್ದು ಮೇಲಿನ ತಾರೀಕು ಮತ್ತು ಕೆಳಗಿನ ನಂಬರು ಮಾತ್ರ. ನಡುವೆ ಏನಿದೆ ಎಂದು ಇವತ್ತು ಓದಿದೆ.

ಜೂನ್ ಮೂವತ್ತು, ನೀರಿನ ಬಾಟಲಿ, ಉಪ್ಪು ಬಿಸ್ಕತ್ತು, ಒಂದು ಚಿಕ್ಕ ಟವೆಲ್ಲು. ಜುಲೈ ಇಪ್ಪತ್ತೊಂದು, ಮುಂದೆ ಗುಂಡಿಯಿರುವ ಹತ್ತಿ ನೈಟಿ, ನಿಂಬೆಹುಳಿಯ ಪೆಪ್ಪರಮಿಂಟು, ಮಕ್ಕಳ ಮೆತ್ತನೆ ಟೂತ್‌ಬ್ರಷ್ಷು. ನಿಮ್ಮ ಮನೆಯಲ್ಲಿ ಪುಟ್ಟ ಮಕ್ಕಳಿಲ್ಲ, ಮಗಳು ಕಾಲೇಜಿಗೆ ಹೋಗುತ್ತಾಳೆ. ಆಗಸ್ಟ್ ಹನ್ನೊಂದು, ತಲೆಗೆ ಕಟ್ಟುವ ಹತ್ತಿ ಬಟ್ಟೆ ಎರಡು. ಸೆಪ್ಟೆಂಬರ್ ಒಂದು, ಮತ್ತೆ ಉಪ್ಪು ಬಿಸ್ಕತ್ತು, ಮತ್ತೆ ಪೆಪ್ಪರಮಿಂಟು, ಹುಬ್ಬು ತೀಡುವ ಪೆನ್ಸಿಲ್ಲು. ನಾಲ್ಕರಲ್ಲಿ ಎಲ್ಲೂ ತಲೆಗೆಣ್ಣೆ ಇಲ್ಲ, ಶಾಂಪೂ ಇಲ್ಲ. ಸರಿಯಾಗಿ ಮೂರು ಮೂರು ವಾರಕ್ಕೆ ಒಂದು ಮಂಗಳವಾರ. ಔಷಧಿ ಏರಿಸಿಕೊಂಡು ಕೂದಲು ಉದುರಿದ ಎಷ್ಟು ಜನರಿಗೆ ನಾನು ಇಂಥ ಸಾಮಾನನ್ನು ಬಿಲ್ಲು ಮಾಡಿ ಕೊಟ್ಟಿದ್ದೇನೆ, ಬುಟ್ಟಿ ನೋಡಿ ಮನೆಯಲ್ಲಿ ಯಾರಿಗೆ ಏನು ಕಾಯಿಲೆ ಎಂದು ತಿಳಿಯದ ಕಣ್ಣಲ್ಲ ಇದು. ಮುಖ ಮರೆಸಿಕೊಂಡಿದ್ದಾಳೆ ಎಂದು ನಿನ್ನೆ ಬರೆದೆನಲ್ಲ, ಆ ಸಾಲನ್ನು ಹೊಡೆದುಹಾಕಲು ಪೆನ್ನು ತೆಗೆದೆ. ಆಮೇಲೆ ಬಿಟ್ಟೆ. ಇರಲಿ, ನಾನು ಎಂಥವಳು ಎಂದು ಅದರಲ್ಲಿದೆ.

ನಿಮ್ಮ ಭಾವ ಕುಂಟುತ್ತಾ ಬಂದು ಹಿಂದೆ ನಿಂತಿದ್ದರು. ನಾನು ತಿರುಗಿ ನೋಡಿದ ಕೂಡಲೇ ಅವರು ತಲೆ ತಗ್ಗಿಸಿದರು. ಮೇ ತಿಂಗಳಲ್ಲೇ ನೀನು ಅವರಿಗೆ ಫೋನು ಮಾಡಿ ಹೇಳಿದ್ದೆಯಂತೆ. ಅಕ್ಕನಿಗೂ ಹೇಳಮ್ಮ ಎಂದು ಅವರು ಅಂದಾಗ ನೀನು ಕೊಟ್ಟ ಉತ್ತರವನ್ನೂ ಹೇಳಿದರು. “ಬೇಡ ಭಾವ. ಅವಳು ನೂರು ಪ್ರಶ್ನೆ ಕೇಳ್ತಾಳೆ. ನನಗೆ ಈಗ ಉತ್ತರ ಹೇಳೋ ಶಕ್ತಿ ಇಲ್ಲ.” ಆ ಮೆಸೇಜುಗಳ ವಿಷಯವೂ ಹೇಳಿದರು. ಆಸ್ಪತ್ರೆಯಲ್ಲಿ ಮಲಗಿರುವಾಗ ಫೋನು ಸದ್ದು ಮಾಡಿದರೆ, ಅಕ್ಕ ಕೌಂಟರಿಗೆ ಬಂದಳು ಎಂದು ಮಗಳಿಗೆ ತೋರಿಸುತ್ತಿದ್ದೆಯಂತೆ. ಅದನ್ನು ಅವರು ಹೇಳಬಾರದಿತ್ತು. ನಾನು ಒಲೆ ಆರಿಸಿ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡೆ.

ಗುಬ್ಬಿ, ಆ ಎರಡು ಸಾಲು ಬರೆಯಬೇಡ. ಪೆನ್ನು ಹಿಡಿದು ಕೈ ನೋಯಿಸಿಕೊಳ್ಳಬೇಡ. ಸೆಪ್ಟೆಂಬರ್ ಒಂದಕ್ಕೆ ಮೂರು ವಾರ ಸೇರಿಸಿದರೆ ಬರುವುದು ಇಪ್ಪತ್ತೆರಡು. ಹೆಡ್ ಆಫೀಸಿನವರು ಹನ್ನೊಂದು ಗಂಟೆಗೆ ನನ್ನ ಹೆಸರು ಕರೆದುಕೊಳ್ಳಲಿ, ಬರಲಿಲ್ಲ ಎಂದು ಬರೆದುಕೊಳ್ಳಲಿ. ನಾನು ಬೆಳಗ್ಗೆ ಏಳಕ್ಕೇ ದೊಡ್ಡಾಸ್ಪತ್ರೆಯ ಬಾಗಿಲಿನಲ್ಲಿ ಇರುತ್ತೇನೆ. ಒಂದೂ ಪ್ರಶ್ನೆ ಕೇಳುವುದಿಲ್ಲ. ಆ ಆಸ್ಪತ್ರೆಗೆ ಹಿಂದುಗಡೆ ಇನ್ನೊಂದು ಬಾಗಿಲಿದೆ ಎಂದು ವಿಚಾರಿಸಿಕೊಂಡಿದ್ದೇನೆ. ಅಲ್ಲಿ ನಿಮ್ಮ ಭಾವನನ್ನು ನಿಲ್ಲಿಸುತ್ತೇನೆ.